ವಿಲಿಯಮ್ ಹರ್ಷೆಲ್ ಮತ್ತು ಸೂರ್ಯನ ಕಾಣದ ಬಿಸಿ

ಕೃಷ್ಣೆಯ ದಂಡೆಯ ನಮ್ಮ ಕಸಬೆ ಡಿಗ್ರಜದಿಂದ ಮಿರಜ, ಅಥಣಿಗಳ ಮೇಲೆ ಹಾಯ್ದು ಹೋದರೆ ಜಮಖಂಡಿ ಸಿಗುತ್ತದೆ. ಬೆಳಗ್ಗೆ ಹೊರಟವರು ಕೆಲಸ ಮುಗಿಸಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಹಿಂದೆ ಸಾಂಗ್ಲಿ, ಮಿರಜ, ಜಮಖಂಡಿ ಮೂರೂ ಪಟವರ್ಧನ ಮನೆತನದವರ ಸಂಸ್ಥಾನಗಳಾಗಿದ್ದವು. ಆ ಜಮಖಂಡಿಗೆ ೧೮೬೮ನೆಯ ಇಸವಿಯ ಮಳೆಗಾಲದಲ್ಲಿ ಒಬ್ಬ ಆಂಗ್ಲ ಸೈನ್ಯಾಧಿಕಾರಿ ಬಂದು ಬೀಡು ಬಿಟ್ಟನು. ಅವನ ಸಾಮಾನಿನಲ್ಲಿ ಬಂದೂಕು, ಮದ್ದುಗುಂಡುಗಳಿಗಿಂತ ಗಾಜಿನ ಉಪಕರಣಗಳೇ ಹೆಚ್ಚಾಗಿದ್ದವು. ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಅವನನ್ನು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿದ್ವತ್ಸಭೆ ನೇಮಿಸಿತ್ತು. ಹೆಸರು ಜಾನ್ ಹರ್ಷೆಲ್. ಭಾರತದ ಭೂಮಾಪನ ಇಲಾಖೆಯಲ್ಲಿ ಅವನಿಗೆ ಕೆಲಸ.

ಈ ಅಧಿಕಾರಿಯ ಅಜ್ಜನೇ ಜಗತ್ಪ್ರಸಿದ್ಧ ಖಗೋಲವಿಜ್ಞಾನಿ ವಿಲಿಯಮ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವನು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮ ಮಕ್ಕಳೆಲ್ಲ ಈ ಹೆಸರನ್ನು ಬರೆಯುತ್ತಾರೆ, ಒಂದು ಅಂಕ ಪಡೆಯುತ್ತಾರೆ. ಆದರೆ ಅವನು ಮಾಡಿದ ಇನ್ನೊಂದು ಕೆಲಸ ನಮ್ಮ ನಿಮ್ಮ ಕಣ್ಣಿಗೆ ನೇರವಾಗಿ ಸಂಬಂಧಪಟ್ಟದ್ದು. ಅದನ್ನು ತಿಳಿದವರು ಕಡಿಮೆ. ೨೦೨೭ನೆಯ ಆಗಸ್ಟ್ ೨ರಂದು ಇಳಿಹೊತ್ತಿನಲ್ಲಿ ನಮ್ಮ ಭಾಗದಲ್ಲಿ ಸೂರ್ಯಗ್ರಹಣವು ಖಂಡಗ್ರಾಸವಾಗಿ ಕಾಣಲಿರುವುದರಿಂದ, ಈ ಸಂಚಿಕೆಗೆ ಯಾರ ಚರಿತ್ರೆ ಬರೆಯಬೇಕೆಂದು ನಾವು ಬಹಳ ಯೋಚಿಸಬೇಕಾಗಲಿಲ್ಲ.

ವಿಲಿಯಮ್ ಹರ್ಷೆಲನು ೧೭೩೮ನೆಯ ಇಸವಿ ನವೆಂಬರ್ ೧೫ರಂದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಐಸಾಕ್ ಅಲ್ಲಿಯ ಸೈನ್ಯದ ವಾದ್ಯಮೇಳದಲ್ಲಿ ಓಬೋ ಎಂಬ ವಾದ್ಯವನ್ನು ನುಡಿಸುತ್ತಿದ್ದನು. ಓಬೋ ಎಂದರೆ ನಮ್ಮ ಶಹನಾಯಿಯ ಹತ್ತಿರದ ನಂಟ ಎನ್ನಬಹುದು. ಮನೆಯಲ್ಲಿ ಹಣವಿರಲಿಲ್ಲ, ಮಕ್ಕಳು ಬಹಳ. ಆದರೆ ತಂದೆಗೆ ಸಂಗೀತದ ಜೊತೆಗೆ ಆಕಾಶದ ಗೀಳೂ ಇತ್ತು. ಚಳಿಯ ರಾತ್ರಿಗಳಲ್ಲಿ ಮಕ್ಕಳನ್ನು ಬೀದಿಗೆ ಕರೆದೊಯ್ದು ನಕ್ಷತ್ರಗಳನ್ನು ತೋರಿಸುತ್ತಿದ್ದನಂತೆ. ಹದಿನಾಲ್ಕರ ಹರೆಯದಲ್ಲಿಯೇ ವಿಲಿಯಮನೂ ಅದೇ ವಾದ್ಯಮೇಳವನ್ನು ಸೇರಿದನು.

೧೭೫೭ರಲ್ಲಿ ಹಾಸ್ಟೆನ್‌ಬೆಕ್ ಎಂಬಲ್ಲಿ ಫ್ರೆಂಚರೊಡನೆ ಯುದ್ಧವಾಗಿ ಹ್ಯಾನೋವರಿನ ಕಡೆಯವರಿಗೆ ಸೋಲಾಯಿತು. ಮಗನ ಪ್ರಾಣ ಉಳಿದರೆ ಸಾಕೆಂದು ತಂದೆತಾಯಿಗಳು ಅವನನ್ನು ಇಂಗ್ಲೆಂಡಿಗೆ ಸಾಗಹಾಕಿದರು. ಹತ್ತೊಂಬತ್ತರ ಹುಡುಗ, ಪರದೇಶ, ಕೈಯಲ್ಲಿ ಕಾಸಿಲ್ಲ. ಬೇರೆಯವರ ಸಂಗೀತದ ಹಾಳೆಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆದನು. ಊರಿಂದೂರಿಗೆ ಅಲೆದು ಪಾಠ ಹೇಳಿದನು. ಕೊನೆಗೆ ಬಾತ್ ಎಂಬ ಸುಖವಾಸಿಗಳ ಪಟ್ಟಣದಲ್ಲಿ ಒಂದು ಪ್ರಾರ್ಥನಾಮಂದಿರದ ಆರ್ಗನ್ ವಾದಕನಾಗಿ ನೆಲೆ ನಿಂತನು. ಹೆಸರು ಬಂದಿತು, ಶಿಷ್ಯರು ಬಂದರು, ಹಣವೂ ಬಂದಿತು.

ಅವನ ತಂಗಿ ಕ್ಯಾರೋಲಿನಳ ವಿಷಯವನ್ನು ಇಲ್ಲಿ ಹೇಳದಿದ್ದರೆ ಚರಿತ್ರೆ ಅರ್ಧವಾದೀತು. ಅವಳು ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಹತ್ತನೆಯ ವಯಸ್ಸಿನಲ್ಲಿ ಬಂದ ಭಾರಿ ಜ್ವರದಿಂದ ಅವಳ ಬೆಳವಣಿಗೆ ನಿಂತುಹೋಗಿ ಎತ್ತರ ನಾಲ್ಕೂ ಕಾಲು ಅಡಿಯಷ್ಟೇ ಉಳಿಯಿತು. ಇವಳಿಗೆ ಮದುವೆಯಾಗಲಾರದು, ಮನೆಗೆಲಸಕ್ಕೆ ಇರಲಿ ಎಂದು ತಾಯಿ ಅವಳಿಗೆ ಓದು ಹೆಚ್ಚು ಕಲಿಸಗೊಡಲಿಲ್ಲ. ಅಣ್ಣನು ೧೭೭೨ರಲ್ಲಿ ಹ್ಯಾನೋವರಿಗೆ ಹೋಗಿ, ತಂಗಿಯ ಬದಲು ಒಬ್ಬ ಆಳನ್ನು ಇಟ್ಟುಕೊಳ್ಳಲು ತಾಯಿಗೆ ಹಣದ ವ್ಯವಸ್ಥೆ ಮಾಡಿ, ಅವಳನ್ನು ಬಾತ್ ಪಟ್ಟಣಕ್ಕೆ ಕರೆತಂದನು. ಹೆಣ್ಣುಮಗಳ ಓದು ಮನೆಗೆಲಸದ ಮುಂದೆ ಹಿಂದೆ ಬೀಳುವುದು ನಮ್ಮ ಕಡೆಯ ಮಾತಷ್ಟೇ ಅಲ್ಲವೆಂದು ಪಾಲಕರು ಇದರಿಂದ ತಿಳಿಯಬಹುದು. ಮುಂದೆ ಇದೇ ಕ್ಯಾರೋಲಿನ್ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. ೧೭೮೭ರಿಂದ ಅವಳಿಗೆ ಅರಸನಿಂದ ವರ್ಷಕ್ಕೆ ೫೦ ಪೌಂಡು ಸಂಬಳ ಸಲ್ಲುತ್ತಿತ್ತು.

ಹರ್ಷೆಲನಿಗೆ ದೂರದರ್ಶಕದ ಹುಚ್ಚು ಹಿಡಿದದ್ದು ಮೂವತ್ತೈದರ ಸುಮಾರಿಗೆ. ಸಂಗೀತಶಾಸ್ತ್ರದ ಪುಸ್ತಕ ಓದುತ್ತ ಅದರ ಕರ್ತೃವೇ ಬರೆದ ಬೆಳಕಿನ ಶಾಸ್ತ್ರದ ಪುಸ್ತಕಕ್ಕೆ ಬಂದನು, ಅಲ್ಲಿಂದ ಖಗೋಲಕ್ಕೆ ಹಾರಿದನು. ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣವಿಲ್ಲದ್ದರಿಂದ ತಾನೇ ಮಾಡಲು ತೊಡಗಿದನು. ಆಗಿನ ದೂರದರ್ಶಕಗಳ ಕನ್ನಡಿಗಳು ಗಾಜಿನವಲ್ಲ. ತಾಮ್ರ, ತವರಗಳನ್ನು ಬೆರೆಸಿ ಎರಕ ಹೊಯ್ದು, ತಿಕ್ಕಿ ತಿಕ್ಕಿ ಹೊಳಪು ತರಬೇಕಾದ ಲೋಹದ ಬಿಲ್ಲೆಗಳು. ತಿಕ್ಕುವ ಕೈ ನಡುವೆ ನಿಂತರೆ ಕನ್ನಡಿ ಕೆಟ್ಟಂತೆಯೇ. ಒಮ್ಮೆ ಹದಿನಾರು ತಾಸು ಎಡೆಬಿಡದೆ ತಿಕ್ಕಿದನು. ಹಸಿವಾದಾಗ ಕ್ಯಾರೋಲಿನ್ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಬೇಸರವಾಗದಿರಲೆಂದು ಅರಬ್ಬೀ ಕಥೆಗಳನ್ನು ಓದಿ ಹೇಳುತ್ತಿದ್ದಳು. ಮನೆ ಮನೆಯಾಗಿ ಉಳಿಯಲಿಲ್ಲ. ಬೈಠಕ್ಕಿನ ಕೋಣೆಯಲ್ಲಿ ಬಡಿಗ, ಮಲಗುವ ಕೋಣೆಯಲ್ಲಿ ಚರಕಿಯಂತ್ರ, ನೆಲಮನೆಯಲ್ಲಿ ಕುಲುಮೆ! ಎರಕದ ಅಚ್ಚನ್ನು ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದು ಮಾಡುತ್ತಿದ್ದರು. ೧೭೮೧ರಲ್ಲಿ ಒಂದು ದೊಡ್ಡ ಎರಕದ ವೇಳೆ ಕರಗಿದ ಲೋಹ ಸೋರಿ ಕಲ್ಲುಹಾಸಿನ ಮೇಲೆ ಹರಿಯಿತು. ಕಲ್ಲುಗಳು ಸಿಡಿದು ಮಾಳಿಗೆಗೆ ಬಡಿದವು. ಎಲ್ಲರೂ ಕಂಡ ಬಾಗಿಲಿನಿಂದ ಓಡಿ ಪಾರಾದರು.

ಅದೇ ವರ್ಷ ಮಾರ್ಚ್ ೧೩ರ ರಾತ್ರಿ, ಮನೆಯ ಹಿತ್ತಲಿನಲ್ಲಿ ಏಳಡಿಯ ದೂರದರ್ಶಕದಿಂದ ನೋಡುತ್ತಿದ್ದಾಗ ನಕ್ಷತ್ರಗಳ ನಡುವೆ ಒಂದು ಚಿಕ್ಕ ದುಂಡು ಬಿಲ್ಲೆ ಕಂಡಿತು. ಹರ್ಷೆಲನು ಅದನ್ನು ಧೂಮಕೇತುವೆಂದೇ ಭಾವಿಸಿದನು. ಗಣಿತಜ್ಞರು ಲೆಕ್ಕ ಹಾಕಿದ ಮೇಲೆ ಅದು ಶನಿಗ್ರಹದ ಆಚೆಗಿನ ಹೊಸ ಗ್ರಹವೆಂದು ತಿಳಿಯಿತು. ಬರಿಗಣ್ಣಿಗೆ ಕಾಣುವ ಗ್ರಹಗಳನ್ನು ಮನುಷ್ಯನು ಅನಾದಿಯಿಂದ ಬಲ್ಲನು. ಕಂಡುಹಿಡಿದ ಗ್ರಹವೆಂದರೆ ಇದೇ ಮೊದಲು. ಅರಸ ಮೂರನೆಯ ಜಾರ್ಜನು ವರ್ಷಕ್ಕೆ ೨೦೦ ಪೌಂಡು ಗೊತ್ತು ಮಾಡಿದನು. ಸಂಗೀತದಲ್ಲಿ ಅದಕ್ಕಿಂತ ಹೆಚ್ಚು ಬರುತ್ತಿದ್ದರೂ ಹರ್ಷೆಲನು ಶಿಷ್ಯರನ್ನು ಬಿಟ್ಟು ಆಕಾಶವನ್ನು ಹಿಡಿದನು. ಮುಂದೆ ವಿಂಡ್ಸರ್ ಅರಮನೆಗೆ ಹತ್ತಿರವಾದ ಸ್ಲೌ ಎಂಬ ಊರಿನಲ್ಲಿ ಮನೆ ಮಾಡಿದನು. ಅಲ್ಲಿ ೧೭೮೯ರಲ್ಲಿ ಪೂರ್ಣಗೊಂಡ ನಲವತ್ತಡಿಯ ದೂರದರ್ಶಕದ ಕನ್ನಡಿಯ ಅಗಲವೇ ನಾಲ್ಕಡಿ. ಶನಿಯ ಎರಡು ಉಪಗ್ರಹಗಳು, ಯುರೇನಸ್ಸಿನ ಎರಡು, ಎರಡೂವರೆ ಸಾವಿರದಷ್ಟು ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿ, ಇವೆಲ್ಲ ಅಣ್ಣ ತಂಗಿಯರ ರಾತ್ರಿಗಳ ಬೆಳೆ. ಅಣ್ಣ ನೋಡಿ ಕೂಗಿ ಹೇಳುವನು, ತಂಗಿ ಬರೆದುಕೊಳ್ಳುವಳು. ಚಳಿಗೆ ಮಸಿ ಹೆಪ್ಪುಗಟ್ಟುತ್ತಿತ್ತು. ೧೭೮೩ರ ಕೊನೆಯ ರಾತ್ರಿ ಹಿಮದಲ್ಲಿ ಓಡಾಡುವಾಗ ಕ್ಯಾರೋಲಿನಳ ತೊಡೆಗೆ ದೂರದರ್ಶಕದ ಕಬ್ಬಿಣದ ಕೊಕ್ಕೆ ಚುಚ್ಚಿಕೊಂಡಿತು. ಗಾಯ ಮಾಯುವವರೆಗೂ ಅವಳಿಗಿದ್ದ ಚಿಂತೆ ಅಣ್ಣನ ಕೆಲಸ ಕೆಟ್ಟೀತೆಂಬುದು.

ಇಷ್ಟು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಈಗ ನಾವು ಹೇಳಬೇಕೆಂದಿರುವ ವಿಷಯಕ್ಕೆ ಬರೋಣ.

ಹರ್ಷೆಲನು ರಾತ್ರಿ ನಕ್ಷತ್ರಗಳನ್ನು ನೋಡಿದಂತೆ ಹಗಲು ಸೂರ್ಯನನ್ನೂ ನೋಡುತ್ತಿದ್ದನು. ಸೂರ್ಯನ ಕಲೆಗಳ ಮೇಲೆ ಅವನಿಗೆ ಬಹಳ ಆಸೆ. ದೂರದರ್ಶಕದಿಂದ ಸೂರ್ಯನನ್ನು ಹಾಗೆಯೇ ನೋಡಿದರೆ ಕಣ್ಣು ಕ್ಷಣಾರ್ಧದಲ್ಲಿ ಸುಟ್ಟು ಹೋಗುವುದು. ಭೂತಗನ್ನಡಿಯಿಂದ ಕಾಗದ ಸುಡುವುದನ್ನು ನೀವೆಲ್ಲ ನೋಡಿದ್ದೀರಿ. ಆ ಕಾಗದದ ಜಾಗದಲ್ಲಿ ಕಣ್ಣನ್ನು ಇಟ್ಟಂತೆ. ಹರ್ಷೆಲನಿಗಿಂತ ಒಂದು ಶತಮಾನ ಹಿಂದೆ ಐಸಾಕ್ ನ್ಯೂಟನ್ನನು ಎಳೆಯ ವಯಸ್ಸಿನಲ್ಲಿ ಬರಿಯ ಕನ್ನಡಿಯಲ್ಲಿ ಸೂರ್ಯನ ಪ್ರತಿಬಿಂಬವನ್ನು ದಿಟ್ಟಿಸಿ, ಆ ಬಿಂಬ ಕಣ್ಣಿನಿಂದ ಅಳಿಯದೆ, ಕೆಲವು ದಿನ ಕತ್ತಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂಡಬೇಕಾಯಿತು. ಅವನ ಬುದ್ಧಿಯೂ ಅಂದು ಅವನನ್ನು ಕಾಯಲಿಲ್ಲ. (ಗೆಲಿಲಿಯೋ ಸೂರ್ಯನನ್ನು ನೋಡಿಯೇ ಕುರುಡನಾದನೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಅವನು ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಕಲೆಗಳನ್ನು ಗುರುತಿಸಿದವನು. ಕಣ್ಣು ಹೋದದ್ದು ಮುಪ್ಪಿನ ಬೇನೆಯಿಂದ.)

ಆದುದರಿಂದ ಹರ್ಷೆಲನು ನೋಡುವ ತುದಿಯಲ್ಲಿ ಬಣ್ಣದ ಗಾಜು, ಹೊಗೆ ಹಿಡಿಸಿದ ಗಾಜುಗಳನ್ನು ಒಂದರ ಹಿಂದೆ ಒಂದು ಇಟ್ಟು ಪರೀಕ್ಷಿಸತೊಡಗಿದನು. ಆಗ ಒಂದು ಸೋಜಿಗವನ್ನು ಗಮನಿಸಿದನು. ಕೆಲವು ಗಾಜುಗಳ ಹಿಂದೆ ಬೆಳಕು ಬಹಳ ಮಂದ, ಕಣ್ಣಿಗೆ ಹಿತ. ಆದರೂ ಬಿಸಿ ಸಹಿಸಲಾರದಷ್ಟು. ಬೇರೆ ಕೆಲವುಗಳ ಹಿಂದೆ ಬೆಳಕು ಹೆಚ್ಚು, ಬಿಸಿ ಕಡಿಮೆ. ಬೆಳಕು ತಗ್ಗಿದರೆ ಬಿಸಿಯೂ ತಗ್ಗಬೇಕಲ್ಲವೇ? ಬೇರೆಯವರಾಗಿದ್ದರೆ ಹಿತವಾದ ಗಾಜನ್ನು ಆರಿಸಿಕೊಂಡು ಸುಮ್ಮನಾಗುತ್ತಿದ್ದರು. ಹರ್ಷೆಲನು ಸುಮ್ಮನಾಗಲಿಲ್ಲ.

೧೮೦೦ನೆಯ ಇಸವಿಯಲ್ಲಿ, ತನ್ನ ಅರುವತ್ತೊಂದನೆಯ ವಯಸ್ಸಿನಲ್ಲಿ, ಅವನು ಒಂದು ಸರಳ ಪ್ರಯೋಗ ಹೂಡಿದನು. ಕಿಟಕಿಯಲ್ಲಿ ಗಾಜಿನ ಪಟ್ಟಕವನ್ನು ಇಟ್ಟು ಬಿಸಿಲನ್ನು ಒಡೆದು ಕಾಮನಬಿಲ್ಲಿನ ಬಣ್ಣಗಳನ್ನು ಮೇಜಿನ ಮೇಲೆ ಬೀಳಿಸಿದನು. ರಟ್ಟಿನಲ್ಲಿ ಕೊರೆದ ಸೀಳಿನ ಮೂಲಕ ಒಂದೊಂದೇ ಬಣ್ಣವನ್ನು ಬಿಟ್ಟು ಅದರಲ್ಲಿ ಒಂದು ಉಷ್ಣತಾಮಾಪಕವನ್ನು ಇಟ್ಟನು. ಹೋಲಿಸಿ ನೋಡಲು ಇನ್ನೂ ಎರಡನ್ನು ಪಕ್ಕದ ನೆರಳಿನಲ್ಲಿ ಇರಿಸಿದನು. ಬಿಸಿಯನ್ನು ಚೆನ್ನಾಗಿ ಹೀರಲೆಂದು ಬುರುಡೆಗೆ ಕಪ್ಪು ಬಳಿದಿದ್ದನು. ನೇರಳೆಯಲ್ಲಿ ಪಾದರಸ ಎರಡು ಡಿಗ್ರಿ ಏರಿತು, ಹಸಿರಿನಲ್ಲಿ ಮೂರೂ ಕಾಲು, ಕೆಂಪಿನಲ್ಲಿ ಸುಮಾರು ಏಳು. ಇವು ಫ್ಯಾರನ್‌ಹೀಟ್ ಡಿಗ್ರಿಗಳು. ಇಲ್ಲಿಗೆ ಅವನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಬಿಸಿ ಎಲ್ಲ ಬಣ್ಣಗಳಲ್ಲಿ ಸಮನಾಗಿಲ್ಲ.

ಅನಂತರ ಅವನು ಉಷ್ಣತಾಮಾಪಕವನ್ನು ಕೆಂಪಿನ ಅಂಚನ್ನು ದಾಟಿಸಿ, ಯಾವ ಬಣ್ಣವೂ ಬೀಳದ ಕಡೆಗೆ ಸರಿಸಿದನು. ಅಲ್ಲಿ ಮೇಜು ಬರಿದು. ಕಣ್ಣಿಗೆ ಏನೂ ಕಾಣದು. ಪಾದರಸ ಮಾತ್ರ ಕೆಂಪಿನಲ್ಲಿ ಏರಿದ್ದಕ್ಕಿಂತಲೂ ಮೇಲೇರಿತು. ಸೂರ್ಯನಿಂದ ಕಣ್ಣಿಗೆ ಕಾಣದ ಕಿರಣಗಳೂ ಬರುತ್ತವೆಂದು ಮನುಷ್ಯನಿಗೆ ಗೊತ್ತಾದದ್ದು ಹೀಗೆ. ಇಂದು ಅವುಗಳನ್ನು ಅವಕೆಂಪು ಕಿರಣಗಳೆನ್ನುತ್ತೇವೆ. ನೆಲಕ್ಕೆ ಮುಟ್ಟುವ ಸೂರ್ಯಶಕ್ತಿಯಲ್ಲಿ ಸುಮಾರು ಅರ್ಧ ಈ ಕಾಣದ ಪಾಲೇ ಆಗಿದೆ. ಮರುವರ್ಷ ಜರ್ಮನಿಯ ರಿಟ್ಟರ್ ಎಂಬವನು ನೇರಳೆಯ ಆಚೆಗೂ ಕಾಣದ ಕಿರಣಗಳಿರುವುದನ್ನು ತೋರಿಸಿದನು.

ವಿದ್ಯಾರ್ಥಿಗಳೇ, ಈ ಪ್ರಯೋಗವನ್ನು ಗ್ರಹಣದ ದಿನಕ್ಕೆ ಹೊಂದಿಸಿ ನೋಡಿರಿ. ಕಂದೀಲಿನ ಹೊಗೆ ಹಿಡಿಸಿದ ಗಾಜು, ಆಸ್ಪತ್ರೆಯ ಎಕ್ಸ್-ರೇ ಹಾಳೆ, ಹಳೆಯ ಫೋಟೋದ ನೆಗೆಟಿವ್, ಜಾತ್ರೆಯ ಕಪ್ಪು ಕನ್ನಡಕ: ಇವೆಲ್ಲ ಸೂರ್ಯನ ಬೆಳಕನ್ನು ತಗ್ಗಿಸುತ್ತವೆ ನಿಜ. ನೋಡುವವನಿಗೆ ಹಿತವಾಗುತ್ತದೆ. ಆದರೆ ಕಾಣದ ಬಿಸಿ ಅವುಗಳೊಳಗಿಂದ ಹಾಯ್ದು ಬರುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ಬೆಳಕು ಮಂದವಾದೊಡನೆ ಕಣ್ಣಿನ ಪಾಪೆ ತಾನಾಗಿ ಅಗಲವಾಗಿ ತೆರೆದುಕೊಳ್ಳುತ್ತದೆ, ಕಳ್ಳನಿಗೆ ಬಾಗಿಲು ತೆರೆದಂತೆ. ಬರಿಗಣ್ಣಿಗೆ ಸೂರ್ಯನು ಚುಚ್ಚಿದರೆ ನಾವು ರೆಪ್ಪೆ ಮುಚ್ಚುತ್ತೇವೆ. ಕಪ್ಪು ಗಾಜಿನ ಹಿಂದೆ ಆ ಎಚ್ಚರವೂ ಇರುವುದಿಲ್ಲ, ನಿಮಿಷಗಟ್ಟಲೆ ನೋಡುತ್ತ ನಿಲ್ಲುತ್ತೇವೆ.

ಇನ್ನೊಂದು ಮಾತು. ಕೇಡು ಮಾಡುವುದು ಕಾಣದ ಬಿಸಿಯೊಂದೇ ಅಲ್ಲ. ಕಾಣುವ ಬೆಳಕು, ಅದರಲ್ಲಿಯೂ ನೀಲಿಯ ಕಡೆಯ ಬೆಳಕು, ಕಣ್ಣಿನ ಒಳಪರದೆಯಾದ ಅಕ್ಷಿಪಟಲದ ಜೀವಕೋಶಗಳನ್ನು ಕೆಡಿಸುತ್ತದೆಂದು ಇಂದಿನ ನೇತ್ರವೈದ್ಯರು ಬಲ್ಲರು. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ಬೆರಳು ಸುಟ್ಟರೆ ಕೂಗುತ್ತೇವೆ, ಅದು ಸುಟ್ಟರೆ ಸುಳಿವೇ ಇಲ್ಲ. ಹುಡುಗನು ಗ್ರಹಣ ನೋಡಿ ನಗುತ್ತ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಕೆಲವು ತಾಸಿನ ಮೇಲೆ, ಇಲ್ಲವೆ ಮರುದಿನ ಬೆಳಗ್ಗೆ, ಪುಸ್ತಕ ತೆರೆದರೆ ನೋಡಬೇಕೆಂದ ಅಕ್ಷರದ ಮೇಲೆಯೇ ಒಂದು ಮಸುಕು ಕಲೆ ಕೂತಿರುತ್ತದೆ. ಅಕ್ಕಪಕ್ಕದ್ದು ಕಾಣುತ್ತದೆ, ನಡುವಿನದು ಕಾಣದು. ಕೆಲವರಿಗೆ ತಿಂಗಳುಗಳ ಮೇಲೆ ದೃಷ್ಟಿ ತಿರುಗಿ ಬರುವುದುಂಟು. ಕೆಲವರಿಗೆ ಬರುವುದೇ ಇಲ್ಲ. ಹೋದದ್ದನ್ನು ತಂದುಕೊಡುವ ಖಾತ್ರಿಯ ಔಷಧ ಇಂದಿಗೂ ಇಲ್ಲ. ಎಳೆಯ ಮಕ್ಕಳ ಕಣ್ಣಿನ ಮಸೂರ ಹಿರಿಯರದಕ್ಕಿಂತ ತಿಳಿಯಾಗಿರುವುದರಿಂದ ಅವರಿಗೆ ಅಪಾಯ ಹೆಚ್ಚು.

ಹರ್ಷೆಲನಂತೆ ನಾವೂ ಒಂದು ಲೆಕ್ಕ ಮಾಡೋಣ. ಸೂರ್ಯನನ್ನು ನೋಡಲು ತಕ್ಕ ಕನ್ನಡಕ ಅವನ ಬೆಳಕಿನ ಲಕ್ಷ ಪಾಲಿನಲ್ಲಿ ಮೂರು ಪಾಲಿನಷ್ಟಕ್ಕಿಂತ ಹೆಚ್ಚು ಒಳಗೆ ಬಿಡಬಾರದು. ಕಾಣದ ಕಿರಣಗಳನ್ನೂ ತಡೆಯಬೇಕು. ನಮ್ಮ ಕಡೆ ಕೆಲವು ಮನೆಗಳಲ್ಲಿ ಪರಾತದಲ್ಲಿ ಅರಿಶಿನದ ನೀರನ್ನು ಇಟ್ಟು ಅದರಲ್ಲಿ ಗ್ರಹಣವನ್ನು ನೋಡುವುದುಂಟು. ಅರಿಶಿನಕ್ಕೆ ನಮ್ಮ ಸಾಂಗ್ಲಿ ಪೇಟೆ ದೇಶದಲ್ಲೆಲ್ಲ ಹೆಸರಾದದ್ದು, ಅದರ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೂರ್ಯನು ನೆತ್ತಿಯ ಹತ್ತಿರವಿದ್ದಾಗಲೂ ನೀರಿನ ಮೈ ನೂರು ಪಾಲಿನಲ್ಲಿ ಎರಡು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಎಂದರೆ ಲಕ್ಷಕ್ಕೆ ಎರಡು ಸಾವಿರ! ಸೂರ್ಯ ಬಾಗಿದಷ್ಟೂ ಇದು ಹೆಚ್ಚುತ್ತದೆ. ಹಿರಿಯರು ಆಕಾಶವನ್ನು ನೇರವಾಗಿ ದಿಟ್ಟಿಸಬಾರದೆಂದು ಕಂಡುಕೊಂಡದ್ದು ಒಳ್ಳೆಯದೇ. ಮೂರು ಎಲ್ಲಿ, ಎರಡು ಸಾವಿರ ಎಲ್ಲಿ ಎಂಬುದನ್ನು ಮಾತ್ರ ಪಾಲಕರು ಗಮನಿಸಬೇಕು.

ಹರ್ಷೆಲನು ಸಹ ತನ್ನ ಉಪಾಯಗಳಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ದಪ್ಪ ಗಾಜು ಬಿಸಿಗೆ ಒಡೆಯುವ ಭಯವಿದ್ದುದರಿಂದ, ೧೮೦೧ರಲ್ಲಿ ಬರೆಯುವ ಮಸಿಯನ್ನು ನೀರಿನಲ್ಲಿ ತೆಳುವಾಗಿಸಿ ಕಾಗದದಲ್ಲಿ ಸೋಸಿ, ಆ ನೀರಿನ ಮೂಲಕ ಸೂರ್ಯನನ್ನು ನೋಡಿದನು. ಬಿಂಬ ಹಿಮದಂತೆ ಬೆಳ್ಳಗೆ ಕಂಡಿತು. ಆ ಕಾಲಕ್ಕೆ ಅದು ದೊಡ್ಡ ಜಾಣತನ. ಇಂದು ಯಾರೂ ಅದನ್ನು ಮಾಡಿ ನೋಡತಕ್ಕದ್ದಲ್ಲ. ಈಗ ಐ.ಎಸ್.ಓ. ೧೨೩೧೨-೨ ಎಂಬ ಮಾನಕಕ್ಕೆ ಒಪ್ಪುವ ಗ್ರಹಣದ ಕನ್ನಡಕಗಳು ಸಿಗುತ್ತವೆ. ಗೀರು ಬಿದ್ದ, ತೂತಾದ ಕನ್ನಡಕ ಬೇಡ. ವೆಲ್ಡಿಂಗ್ ಮಾಡುವವರ ಗಾಜಾದರೆ ೧೪ನೆಯ ನಂಬರಿನದೇ ಆಗಬೇಕು. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಇರುವುದು ಅದಕ್ಕಿಂತ ತೆಳುವಾದದ್ದು. ಕನ್ನಡಕ ಹಾಕಿಕೊಂಡರೂ ದುರ್ಬೀನಿನೊಳಗೆ ಇಣುಕಬಾರದು, ಅದು ಕನ್ನಡಕವನ್ನೇ ಸುಟ್ಟು ಒಳಗೆ ಬರುತ್ತದೆ.

ಇವಾವುವೂ ಸಿಗದಿದ್ದರೆ ಕಾಸಿನ ಖರ್ಚಿಲ್ಲದ ದಾರಿಯೊಂದಿದೆ, ನಮಗೆ ಅದೇ ಹೆಚ್ಚು ಮೆಚ್ಚುಗೆ. ರಟ್ಟಿಗೆ ಗುಂಡುಪಿನ್ನಿನಿಂದ ಒಂದು ತೂತು ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು, ಆ ತೂತಿನಿಂದ ಬೀಳುವ ಬೆಳಕನ್ನು ಬಿಳಿಯ ಕಾಗದದ ಮೇಲೆ ಹಿಡಿಯಿರಿ. ಗ್ರಹಣ ಹಿಡಿದಂತೆ ಆ ಪುಟ್ಟ ಬಿಂಬವೂ ಕುಡುಗೋಲಿನಂತಾಗುತ್ತ ಹೋಗುತ್ತದೆ. ಅಡಿಗೆಮನೆಯ ಝಾರಿಯನ್ನು ಹಿಡಿದರೆ ಒಂದಲ್ಲ, ಐವತ್ತು ಸೂರ್ಯರು! ಬೇವಿನ ಮರದ ಕೆಳಗೆ ಎಲೆಗಳ ಸಂದಿನಿಂದ ಬೀಳುವ ಚುಕ್ಕೆ ಬಿಸಿಲೂ ಅಂದು ಕುಡುಗೋಲಿನ ಆಕಾರ ತಾಳುತ್ತದೆ. ೨೦೧೯ರ ಡಿಸೆಂಬರ್ ೨೬ರ ಬೆಳಗ್ಗೆ, ಕೇರಳ ಮತ್ತು ನಮ್ಮ ಕರಾವಳಿಯ ದಕ್ಷಿಣ ತುದಿಯಲ್ಲಿ ಕಂಕಣಗ್ರಹಣವಾದಾಗ, ಇಲ್ಲಿ ಖಂಡಗ್ರಾಸವನ್ನು ನಾವು ನೆಲದ ಮೇಲೆಯೇ ನೋಡಿದೆವು. ಪಕ್ಕದ ಓಣಿಯಲ್ಲಿ ಹುಡುಗರು ಒಂದು ಎಕ್ಸ್-ರೇ ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತಿದ್ದರು. ಯಾರದೋ ಮುರಿದ ಕೈಯ ಚಿತ್ರದ ಮೂಲಕ ಸೂರ್ಯನನ್ನು ನೋಡುತ್ತಿದ್ದರು. ಗದರಿಸಿ ಕಸಿದುಕೊಂಡೆವು. ಅವರಿಗೆ ಕೋಪ ಬಂದಿತು. ಹರ್ಷೆಲನ ಕಥೆಯನ್ನು ಅಂದೇ ಹೇಳಿದ್ದರೆ ಕಸಿದುಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲವೇನೋ ಎಂದು ಈಗ ಅನಿಸುತ್ತದೆ.

ಬರಿಗಣ್ಣಿನಿಂದ ನೋಡಬಹುದಾದ ಹೊತ್ತು ಒಂದೇ: ಖಗ್ರಾಸದಲ್ಲಿ ಚಂದ್ರನು ಸೂರ್ಯನನ್ನು ಪೂರ್ತಿ ಮುಚ್ಚಿದ ಆ ಕೆಲವು ನಿಮಿಷಗಳು. ೧೯೮೦ರ ಫೆಬ್ರುವರಿ ೧೬ರ ಮಧ್ಯಾಹ್ನ ಕಾರವಾರ, ಅಂಕೋಲಾಗಳಿಂದ ರಾಯಚೂರಿನವರೆಗೆ ಖಗ್ರಾಸ ಹಾಯ್ದು ಹೋಯಿತು. ಅಂದು ಊರೂರುಗಳ ಬೀದಿಗಳು ಬಿಕೋ ಎನ್ನುತ್ತಿದ್ದವು. ಪರಾತದ ನೀರಿನಲ್ಲಿ ಒನಕೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಜನ ಒಳಗೆ ಕುಳಿತರು. ಕಣ್ಣೇನೋ ಉಳಿಯಿತು. ಆದರೆ ಒಬ್ಬನ ಆಯುಷ್ಯದಲ್ಲಿ ಒಮ್ಮೆ ಮನೆಬಾಗಿಲಿಗೆ ಬಂದದ್ದನ್ನು ಎಷ್ಟೋ ಜನ ನೋಡದೆಯೇ ಬಿಟ್ಟರು. ೨೦೨೭ರ ಗ್ರಹಣ ಖಗ್ರಾಸವಾಗುವುದು ಸ್ಪೇನ್, ಈಜಿಪ್ಟ್, ಅರಬಸ್ತಾನಗಳ ಕಡೆ. ನಮಗೆ ಖಂಡಗ್ರಾಸವಷ್ಟೇ, ಆದುದರಿಂದ ಅಂದು ಬರಿಗಣ್ಣಿನಿಂದ ನೋಡತಕ್ಕ ಹೊತ್ತು ಒಂದು ಕ್ಷಣವೂ ಇಲ್ಲ. ಸೂರ್ಯನ ನೂರರಲ್ಲಿ ಒಂದು ಪಾಲು ಉಳಿದಿದ್ದರೂ ಆ ಒಂದು ಪಾಲೇ ಸಾಕು. ೨೦೩೧ರ ಮೇ ೨೧ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣಗ್ರಹಣವಾದಾಗಲೂ ನಮ್ಮ ಪಾಲಿಗೆ ಇದೇ ನಿಯಮ.

ಹರ್ಷೆಲನ ಉಳಿದ ಕಥೆ ಚಿಕ್ಕದು. ಎಲ್ಲದರಲ್ಲಿಯೂ ಅವನು ಗೆದ್ದನೆಂದು ಹೇಳಲಾಗದು. ಸೂರ್ಯನ ಹೊಳಪಿನ ಹೊದಿಕೆಯ ಕೆಳಗೆ ತಂಪಾದ ನೆಲವಿದೆ, ಅಲ್ಲಿ ಜೀವಿಗಳು ವಾಸಿಸುತ್ತವೆ ಎಂದು ಅವನು ಗಂಭೀರವಾಗಿಯೇ ನಂಬಿದ್ದನು. ಸೂರ್ಯನ ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ಗೋಧಿಯ ಧಾರಣೆ ಏರುತ್ತದೆಂದು ಹಳೆಯ ಬೆಲೆಪಟ್ಟಿಗಳಿಂದ ವಾದಿಸಿ ನಗೆಪಾಟಲಾದನು. ನಮ್ಮ ರೈತರು ಧಾರಣೆಗೆ ಸೂರ್ಯನನ್ನು ದೂರುವುದಿಲ್ಲ, ಪೇಟೆಯನ್ನು ದೂರುತ್ತಾರೆ! ಐವತ್ತನೆಯ ವಯಸ್ಸಿನ ಹತ್ತಿರ ಮದುವೆಯಾದನು. ೧೭೯೨ರಲ್ಲಿ ಹುಟ್ಟಿದ ಒಬ್ಬನೇ ಮಗ ಜಾನ್ ತಂದೆಯಷ್ಟೇ ಹೆಸರಾದ ಖಗೋಲಜ್ಞನಾದನು. ೧೮೨೨ರ ಆಗಸ್ಟ್ ೨೫ರಂದು ಸ್ಲೌ ಊರಿನಲ್ಲಿ ಹರ್ಷೆಲನು ತೀರಿಕೊಂಡನು. ವಯಸ್ಸು ಎಂಬತ್ತನಾಲ್ಕಕ್ಕೆ ಕೆಲವು ವಾರಗಳಷ್ಟೇ ಕಡಿಮೆ. ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಲು ಹಿಡಿಯುವ ಕಾಲವೂ ಎಂಬತ್ತನಾಲ್ಕು ವರ್ಷ. ಕ್ಯಾರೋಲಿನ್ ತವರಿಗೆ ಮರಳಿ, ೧೮೪೮ರವರೆಗೆ, ತೊಂಬತ್ತೇಳು ವರ್ಷ ಬಾಳಿದಳು.

ಇನ್ನು ಜಮಖಂಡಿಯ ಮೊಮ್ಮಗನು. ೧೮೬೮ರ ಆಗಸ್ಟ್ ೧೮ರ ಬೆಳಗ್ಗೆ ಮಳೆಗಾಲದ ಮೋಡಗಳು ಅವನನ್ನು ಬಹಳ ಕಾಡಿದವು. ಎಷ್ಟೋ ತಿಂಗಳ ಸಿದ್ಧತೆ, ಕೈಯಲ್ಲಿರುವುದು ಐದಾರು ನಿಮಿಷ, ಸೂರ್ಯನ ಮುಂದೆ ತೆರೆ ಎಳೆದಂತೆ ಮೋಡ. ಅದೃಷ್ಟಕ್ಕೆ ನಡುವೆ ಮೋಡ ಹರಿಯಿತು. ಅವನು ಕಣ್ಣಿಟ್ಟದ್ದು ರೋಹಿತದರ್ಶಕಕ್ಕೆ. ಅಜ್ಜನ ಪಟ್ಟಕದಂತೆಯೇ ಬೆಳಕನ್ನು ಒಡೆದು ಬಣ್ಣಗಳಾಗಿ ಹರಡುವ ಉಪಕರಣ ಅದು. ಕಪ್ಪಾದ ಸೂರ್ಯನ ಅಂಚಿನಲ್ಲಿ ಎದ್ದು ನಿಂತ ಕೆಂಪು ಜ್ವಾಲೆಗಳ ಬೆಳಕು ಅದರಲ್ಲಿ ಉದ್ದನೆಯ ಕಾಮನಬಿಲ್ಲಾಗಿ ಬೀಳಲಿಲ್ಲ. ಕೆಂಪು, ಹಳದಿ, ನೀಲಿಯ ಕಡೆ ಬಿಡಿ ಬಿಡಿ ಗೆರೆಗಳಾಗಿ ಹೊಳೆಯಿತು. ಆ ಜ್ವಾಲೆಗಳು ಉರಿಯುವ ಅನಿಲವೆಂದು ಇದರಿಂದ ತಿಳಿಯಿತು. ಅದೇ ಬೆಳಗ್ಗೆ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮುಂತಾದವರೂ ಇಂಥ ಗೆರೆಗಳನ್ನು ಕಂಡರು. ಹಳದಿಯ ಗೆರೆ ಸೋಡಿಯಮ್ಮಿನದೇ ಇರಬಹುದೆಂದು ಮೊದಲಿಗೆ ತೋರಿತ್ತು. ಅದು ಹಾಗಲ್ಲ, ಭೂಮಿಯ ಮೇಲೆ ಅಲ್ಲಿಯವರೆಗೆ ಯಾರೂ ಕಾಣದ ಒಂದು ಮೂಲವಸ್ತುವಿನದೆಂದು ಮುಂದೆ ಗೊತ್ತಾಗಿ, ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಮ್ ಎಂದು ಕರೆದರು. ನೆಲದ ಮೇಲೆ ಅದು ಕೈಗೆ ಸಿಕ್ಕಿದ್ದು ೧೮೯೫ರಲ್ಲಿ.

ಜಮಖಂಡಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದಾಗ ಈ ಅಧಿಕಾರಿಯ ತಂದೆ, ವಿಲಿಯಮ್ ಹರ್ಷೆಲನ ಮಗ, ಎಪ್ಪತ್ತಾರರ ಮುದುಕ, ಇನ್ನೂ ಬದುಕಿದ್ದನು.